ಎರಡನೇ ಭಾಗದಲ್ಲಿ ತಮ್ಮ

ಸತ್ತವರ ಮುಖ, ದನಿಗಳನ್ನು ಸಿನಿಮಾ ಕಂಪನಿಗಳು ಕಂಪ್ಯೂಟರಿನಲ್ಲಿ ಮತ್ತೆ ಹುಟ್ಟಿಸಿ ಪಾತ್ರಗಳಿಗೆ ಬಳಸಿಕೊಳ್ಳುವುದು ಆಗ ಎಲ್ಲರಿಗೂ ರೂಢಿಯಾಗಿತ್ತು. ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ವಿಮರ್ಶೆ ಬರೆಯುತ್ತಿದ್ದ ಸುಭದ್ರಾಳ ತೀರಿಹೋದ ತಮ್ಮ ಮಹಾಂತೇಶ, ಕೊಲೆಗಡುಕ ದೆವ್ವದ ಸಿನಿಮಾವೊಂದರ ಮೊದಲ ಭಾಗದಲ್ಲಿ ಹೀಗೆಯೇ ಪಾತ್ರವಾಗಿ ಬಂದು ಸದ್ದಿಲ್ಲದೆ ಸತ್ತಿದ್ದ. ಎರಡನೇ ಭಾಗದಲ್ಲಿ ಬೇರೆ ಹೆಸರಿಟ್ಟು ಅವನನ್ನು ಮತ್ತೆ ತಂದಿದ್ದರು. ಬದುಕಿದ್ದಾಗ ಯಾರ ಮೇಲೂ ಕೈಯೆತ್ತದ ಹುಡುಗ ರೈಲಿನ ಮೇಲೆ ದೆವ್ವದೊಡನೆ ಹೊಡೆದಾಡಿದ. ಕುಡುಗೋಲು ಕುತ್ತಿಗೆಗೆ ಬೀಳುವ ಮೊದಲು ತನ್ನದೇ ದನಿಯಲ್ಲಿ "ಯಕ್ಕಾ!" ಎಂದು ಕೂಗಿದ. ಥಿಯೇಟರ್ ತುಂಬ ಸಿಳ್ಳೆ ಬಿತ್ತು. ಸುಭದ್ರಾ ಕುರ್ಚಿಯ ಕೈ ಹಿಡಿದು ಕೂತೇ ಇದ್ದಳು.

ಹೊರಗೆ ಬರುತ್ತಲೇ ಸಂಪಾದಕರು ಫೋನ್ ಮಾಡಿದರು. "ಹೆಂಗದರೀ ಸಿನಿಮಾ?"

"ಬರೇ ಹೊಡದಾಟರೀ. ಕಥಿನೂ ಇಲ್ಲ, ಅಂಜಿಕಿನೂ ಇಲ್ಲ."

"ಹಂಗಾರ ಹಂಗ ಬರೀರಿ."

ಸೋತ ಸಿನಿಮಾದ ಮುಖಗಳನ್ನು ಕಂಪನಿಯವರು ಶಾಶ್ವತವಾಗಿ ಅಳಿಸಿಹಾಕುತ್ತಿದ್ದರು. ಗೆದ್ದರೆ ಅದೇ ಮುಖಗಳನ್ನಿಟ್ಟುಕೊಂಡು ಮುಂದಿನ ಭಾಗ ತೆಗೆಯುತ್ತಿದ್ದರು. ಸುಭದ್ರಾ ಬೈದು ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಕೊನೆಗೆ "ತಪ್ಪದೇ ನೋಡಿ" ಎಂದು ಬರೆದು ಕಳಿಸಿದಳು.

ಸಂಪಾದಕರಿಗೆ ಅಚ್ಚರಿಯಾಯಿತು. "ಚಲೋ ಇಲ್ಲ ಅಂದಿದ್ರಲ್ಲಾ?"

"ಮೂರನೇದು ಬರಬೇಕ್ರೀ," ಎಂದಳು ಸುಭದ್ರಾ. ಅದರಲ್ಲಿ ಅವನನ್ನು ಇನ್ನೂ ಕ್ರೂರವಾಗಿ ಕೊಲ್ಲುತ್ತಾರೆಂದು ಅವಳಿಗೆ ಗೊತ್ತಿತ್ತು.