ಹೊಸ ಪರೀಕ್ಷೆ ಹಿಡಿದದ್ದು

ಹನ್ನೆರಡು ವರ್ಷದಿಂದ ಪ್ರತಿ ಶಿವರಾತ್ರಿಗೂ ತಪ್ಪದೆ ರಕ್ತದಾನ ಮಾಡುತ್ತಿದ್ದ ಈರಭದ್ರಪ್ಪನವರನ್ನು ಈ ಸಲ ರಕ್ತನಿಧಿಯವರು ಮತ್ತೆ ಕರೆಸಿದರು.

"ಏನವ್ವಾ, ನನ್ನ ರಕ್ತ ಹಳಸಿತಾ?" ಎಂದು ನಗುತ್ತಲೇ ಕುಳಿತರು.

ಪರೀಕ್ಷೆ ಮಾಡುವ ಹುಡುಗಿ ಬಾಗಿಲು ಮುಚ್ಚಿದಳು. "ಸಿಫಿಲಿಸ್ ಅಂತ ಬಂದಿದೆ ಯಜಮಾನ್ರೇ. ಗಂಡು ಹೆಣ್ಣಿನ ಸಂಗದಿಂದ ಅಂಟೋ ಕಾಯಿಲೆ."

"ಹನ್ನೆರಡು ವರ್ಷ ಇಲ್ಲದ್ದು ಈಗ ಹೆಂಗೆ ಬಂತು? ನಿಮ್ಮ ಮಿಷನ್ನೇ ಸುಳ್ಳು!"

"ಎರಡು ಸಲ ನೋಡಿದೆ. ಬಹಳ ಹಿಂದಿನ ಸೋಂಕು ಹಳೇ ಟೆಸ್ಟಿಗೆ ಎಷ್ಟೋ ಸಲ ಸಿಗಲ್ಲ, ಈ ವರ್ಷ ತಂದ ಹೊಸದು ಬಿಡಲ್ಲ. ಪ್ರಾಯದಲ್ಲಿ ಅಂಟಿದ್ದಿರಬೇಕು. ಆಗ ಹೆಂಡತಿಗೂ ಹತ್ತಿದ್ರೆ ಕೂಸು ಹೊಟ್ಟೆಯಲ್ಲೇ ಸಾಯೋದುಂಟು. ನಿಮಗೆ ಮಕ್ಕಳಿದ್ದಾರಾ?"

ಮೂರು ಸಲವೂ ಸತ್ತ ಕೂಸನ್ನೇ ಹೆತ್ತ ಪಾಪಿಷ್ಠೆಯೆಂದು ಅವರು ತವರಿಗೆ ಅಟ್ಟಿದ್ದ ಹೆಂಡತಿ ಅಲ್ಲೇ ಕಣ್ಮುಚ್ಚಿ ಇಪ್ಪತ್ತು ವರ್ಷವಾಗಿತ್ತು.