ಕೆಟ್ಟ ಗೇಜು

ಅರವತ್ತೊಂದು. ಕೆಂಪು ಶಾಯಿಯಲ್ಲಿ ಬರೆದು ಡಾಕ್ಟರ್ ಕರ್ಟಿಸ್ ಹ್ಯಾವ್ಲಿಕ್ ಅದರ ಕೆಳಗೆ ಎರಡು ಗೆರೆ ಎಳೆದ. ಒಂದೇ ಸಾಕಿತ್ತು. ಆದರೆ ಹಾಳೆಯ ಮೇಲಿದ್ದ ಹೆಸರು ವರ್ನಾ ಸ್ಟಾಸಿಯಾಕ್.

ಅಮೆರಿಕದ ಟೊಲೀಡೊದಲ್ಲಿರುವ ಒಂದು ಕಾರ್ಖಾನೆ ಬ್ರೇಕಿನ ಪಿನ್ನುಗಳನ್ನು ಮಾಡುತ್ತದೆ. ವರ್ನಾ ಅಲ್ಲಿ ಇಪ್ಪತ್ತು ವರ್ಷ ಲೇತ್ ನಡೆಸಿ, ಆಮೇಲೆ ತಪಾಸಣಾ ಕೋಣೆಗೆ ಬಂದವಳು. ಈಗ ಕಂಪನಿಗೆ ಹೊಸ ಹುಚ್ಚು ಹಿಡಿದಿತ್ತು. ತಪಾಸಣೆಯವರೆಲ್ಲ ಗುಣಮಟ್ಟದ ಸಂಖ್ಯಾಶಾಸ್ತ್ರವನ್ನು ಕಂಪ್ಯೂಟರಿನಲ್ಲಿ ಕಲಿಯಬೇಕಂತೆ. ಹನ್ನೆರಡು ವಾರದ ಪಾಠ, ವಾರಕ್ಕೊಂದು ಉತ್ತರದ ಹಾಳೆ. ಕಲಿಸಲು ಕಾಲೇಜಿನಿಂದ ಹ್ಯಾವ್ಲಿಕ್. ಸರಾಸರಿ ಎಪ್ಪತ್ತು ಅಂಕ ಬಂದರೆ ಕೆಲಸ ಉಳಿಯುತ್ತದೆ. ಬಾರದಿದ್ದರೆ ಐವತ್ತೊಂಬತ್ತರ ವಯಸ್ಸಿನಲ್ಲಿ ಮನೆಯ ದಾರಿ ಹಿಡಿಯಬೇಕು.

ಹ್ಯಾವ್ಲಿಕ್‌ಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿಕೊಂಡು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುವಳು. ಮೌಸನ್ನು ಇಸ್ತ್ರಿ ಪೆಟ್ಟಿಗೆಯಂತೆ ಒತ್ತಿ ಹಿಡಿಯುವಳು. ತಂತ್ರಾಂಶ ನಕ್ಷೆ ಬರೆದು ತೋರಿಸುವ ಮೊದಲೇ ಪಿನ್ನುಗಳ ಅಳತೆಯ ಅಂಕಿಗಳ ಮೇಲೆ ಕಣ್ಣಾಡಿಸಿ, "ಲೇತಿನ ಟೂಲ್ ಸವೆದಿದೆ" ಎಂದುಬಿಡುವಳು. ಅವಳು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಅವನಿಗೆ ಇನ್ನಷ್ಟು ಮೈ ಉರಿಯುತ್ತಿದ್ದದ್ದು ಅದಕ್ಕೇ.

"ಇದು ಶಾಸ್ತ್ರ ಕಣಮ್ಮ, ಕಣಿ ಹೇಳೋದಲ್ಲ," ಎಂದು ಮೊದಲ ವಾರವೇ ಎಲ್ಲರೆದುರು ಹೇಳಿದ್ದ. ನಗುತ್ತಾರೆಂದು ಕಾದ. ಯಾರೂ ನಗಲಿಲ್ಲ. ಕೈಯಲ್ಲಿ ಗ್ರೀಸ್ ಮೆತ್ತಿಕೊಂಡವರಿಗೆ ಹಾಸ್ಯ ಎಲ್ಲಿ ಅರ್ಥವಾಗಬೇಕು ಎಂದುಕೊಂಡ.

ಅವಳ ಪಕ್ಕದಲ್ಲೇ ಬ್ರೆಟ್ ಓಮ್‌ಸ್ಟೆಡ್ ಕೂರುತ್ತಿದ್ದ. ಇಪ್ಪತ್ನಾಲ್ಕರ ಎಂಜಿನಿಯರ್. ಹ್ಯಾವ್ಲಿಕ್ ಓದಿದ ವಿಶ್ವವಿದ್ಯಾಲಯದ್ದೇ ಪದವಿ, ಬೆರಳಿನಲ್ಲಿ ಅಲ್ಲಿ ಓದಿದವರು ತೊಡುವ ಉಂಗುರ. ಅವನ ಹಾಳೆ ಕೈಗೆ ಬಂದರೆ ಹ್ಯಾವ್ಲಿಕ್‌ಗೆ ಹೊಟ್ಟೆ ತುಂಬ ಉಂಡಷ್ಟು ಸಮಾಧಾನ. ನೀಲಿ ಬಣ್ಣದ ನಕ್ಷೆ, ಅಂದವಾದ ಅಕ್ಷರ. ಈ ಸಲದ ಹಾಳೆಯಲ್ಲಿ, ಎಂಟನೆಯ ಬಿಂದುವಿನಿಂದ ಪಿನ್ನಿನ ವ್ಯಾಸ ಏರುತ್ತಿದೆ, ಟೂಲ್ ಸವೆತವೇ ಕಾರಣ ಎಂದು ಬರೆದಿತ್ತು. ಅಂಚಿನಲ್ಲಿ 'ಹರಿತವಾದ ಕಣ್ಣು' ಎಂದು ಬರೆದು ತೊಂಬತ್ತನಾಲ್ಕು ಕೊಟ್ಟ. ವರ್ನಾಳ ಬೂದು ನಕ್ಷೆಯಲ್ಲೂ ಟೂಲ್ ಸವೆತದ್ದೇ ಪುರಾಣವಿತ್ತು. ಅಲ್ಲಿ 'ಬರೀ ಊಹೆ' ಎಂದು ಗೀಚಿದ್ದ.

ಕಾಫಿಯ ಹೊತ್ತಿನಲ್ಲಿ ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ ತಲೆಗೆ ತಲೆ ಹಚ್ಚಿ ಕೂರುತ್ತಿದ್ದರು. ಪಾಪ, ಒಳ್ಳೆಯ ಹುಡುಗ, ಕಲ್ಲಿಗೆ ಪಾಠ ಹೇಳುತ್ತಿದ್ದಾನೆ ಎಂದುಕೊಂಡ ಹ್ಯಾವ್ಲಿಕ್.

ಹನ್ನೊಂದನೆಯ ವಾರ ವರ್ನಾ ಅವನ ಮೇಜಿನ ಬಳಿ ಬಂದಳು.

"ಡಾಕ್ಟ್ರೇ, ಹತ್ತು ಹಾಳೆ ಆಯ್ತು. ನನಗೆ ಸರಾಸರಿ ಅರವತ್ತು. ಎಲ್ಲಿ ತಪ್ಪಿದೀನಿ ಅಂತ ಒಂದರಲ್ಲಾದ್ರೂ ತೋರಿಸ್ತೀರಾ?"

"ಬಟ್ಟೆ ಪೂರ್ತಿ ಹರಿದಿರೋವಾಗ ತೂತು ಎಲ್ಲಿ ಅಂತ ಹುಡುಕೋದಮ್ಮ?"

"ಈ ಕೆಲಸ ಹೋದ್ರೆ ನನ್ನ ವಯಸ್ಸಿಗೆ ಬೇರೆ ಸಿಗಲ್ಲ."

"ಅದು ನನ್ನ ವಿಷಯ ಅಲ್ಲ. ಕೊನೇ ಪ್ರಾಜೆಕ್ಟ್ ಒಂದು ಬಾಕಿ ಇದೆ. ಮಾಡಿ ನೋಡಿ. ಆದ್ರೆ ಅದನ್ನೂ ಅಳೆಯೋನು ನಾನೇ, ನೆನಪಿರಲಿ."

"ಗೊತ್ತು ಡಾಕ್ಟ್ರೇ. ಅದಕ್ಕೇ ಮಾಡ್ತಿರೋದು," ಎಂದಳು.

ಪ್ರಾಜೆಕ್ಟ್ ತೋರಿಸಬೇಕಿದ್ದ ಶುಕ್ರವಾರ ಕಂಪನಿಯ ಗುಣಮಟ್ಟ ವಿಭಾಗದ ಮುಖ್ಯಸ್ಥೆ ಜೊವಾನ್ ಟಿಬೆಟ್ಸ್ ಹಿಂದಿನ ಸಾಲಿನಲ್ಲಿ ಬಂದು ಕೂತರು. ಹ್ಯಾವ್ಲಿಕ್‌ಗೆ ಒಳಗೊಳಗೇ ಖುಷಿ. ಈ ಹೆಂಗಸು ಎಂಥವಳೆಂದು ಮೇಲಿನವರೂ ಕಣ್ಣಾರೆ ನೋಡಲಿ.

ವರ್ನಾ ಎದ್ದು ನಿಂತಳು. "ಇದು ನೀವೇ ಕಲಿಸಿದ್ದು ಡಾಕ್ಟ್ರೇ. ಪಾರ್ಟು ಅಳೆಯೋ ಮೊದಲು ಅಳತೆಯ ಸಾಧನಾನ, ಅಂದ್ರೆ ಗೇಜನ್ನೇ ಪರೀಕ್ಷೆ ಮಾಡಬೇಕು. ಒಂದೇ ಪಾರ್ಟನ್ನ ಎರಡು ಸಲ ಅಳೆಸೋದು. ಎರಡನೇ ಸಲ ಬಂದಿರೋದೂ ಅದೇ ಅಂತ ಅಳೆಯೋರಿಗೆ ಗೊತ್ತಾಗಬಾರದು."

ಪರದೆಯ ಮೇಲೆ ಹತ್ತು ಪಾರ್ಟು, ಎರಡು ಸಾಲು ಅಂಕಿ. ತೊಂಬತ್ತನಾಲ್ಕು, ಅರವತ್ತೊಂದು. ತೊಂಬತ್ತೊಂದು, ಐವತ್ತೆಂಟು. ತೊಂಬತ್ತಾರು, ಅರವತ್ತಮೂರು. ನೋಡಿದ ಕೂಡಲೇ ಹ್ಯಾವ್ಲಿಕ್‌ಗೆ ತಿಳಿಯಿತು. ಇದು ಉಕ್ಕಿನ ಗಡಸುತನದ ಅಳತೆ. ಕುಲುಮೆಯ ಪಕ್ಕದಲ್ಲಿ ತುಕ್ಕು ಹಿಡಿದು ನಿಂತಿದ್ದ ಆ ಹಳೆಯ ಯಂತ್ರದ್ದೇ ಇರಬೇಕು.

"ಎರಡನೇ ಸಾಲು ಪ್ರತಿ ಸಲವೂ ಮೂವತ್ತಕ್ಕಿಂತ ಹೆಚ್ಚು ಕೆಳಗಿದೆಯಲ್ಲ?" ಎಂದ.

"ಹತ್ತಕ್ಕೆ ಹತ್ತು ಸಲ."

"ಪಾರ್ಟು ಏನೂ ಬದಲಾಗಿಲ್ಲ ತಾನೇ?"

"ಕೂದಲೆಳೆಯಷ್ಟೂ ಇಲ್ಲ. ತಂದುಕೊಟ್ಟೋರು ಮಾತ್ರ ಬೇರೆ. ಮೊದಲ ಸಾಲು ಬ್ರೆಟ್ ತಂದಿದ್ದು. ಎರಡನೇದು ನಾನು."

ಬ್ರೆಟ್ ತಲೆಯಾಡಿಸಿದ. ಅವನ ಮುಖ ಯಾಕೋ ಕೆಂಪಾಗಿತ್ತು.

"ಡಾಕ್ಟರ್," ಎಂದರು ಜೊವಾನ್ ಟಿಬೆಟ್ಸ್ ಹಿಂದಿನಿಂದ, "ಈ ಗೇಜಿನ ಬಗ್ಗೆ ನಿಮ್ಮ ತೀರ್ಮಾನ ಏನು? ಕಡತಕ್ಕೆ ಹೋಗುತ್ತೆ, ಸ್ವಲ್ಪ ಸ್ಪಷ್ಟವಾಗಿ ಹೇಳಿ."

ಇಂಥ ಅವಕಾಶ ದಿನಾ ಸಿಗುವುದಿಲ್ಲ. ಹ್ಯಾವ್ಲಿಕ್ ಕೋಟಿನ ಗುಂಡಿ ಹಾಕಿಕೊಂಡು ಎದ್ದ.

"ಇದಕ್ಕೆ ಪಾರ್ಟು ಕಾಣಿಸ್ತಾನೇ ಇಲ್ಲ ಮೇಡಂ, ಹಿಡಿದಿರೋ ಕೈ ಕಾಣಿಸ್ತಿದೆ. ರಿಪೇರಿ ಆಗೋ ಪೈಕಿ ಅಲ್ಲ. ಇವತ್ತೇ ಹೊರಗೆ ಹಾಕಿ. ಇದು ಫೇಲ್ ಮಾಡಿರೋದನ್ನೆಲ್ಲ ಬೇರೆ ಕಡೆ ಮತ್ತೆ ಅಳೆಸಿ. ಇಂಥದನ್ನ ನಂಬಿಕೊಂಡು ಇಷ್ಟು ದಿನ ಇಟ್ಟುಕೊಂಡೋರಿಗೆ ನಾಚಿಕೆ ಆಗಬೇಕು."

"ಬರಕೊಂಡೆ," ಎಂದರು ಜೊವಾನ್.

"ಅಂದಹಾಗೆ ಯಾವುದಮ್ಮ ಇದು?" ಹ್ಯಾವ್ಲಿಕ್ ವರ್ನಾಳ ಕಡೆ ತಿರುಗಿದ. "ಕುಲುಮೆ ಹತ್ತಿರ ಇರೋ ಆ ಹಳೇ ಯಂತ್ರ ತಾನೇ?"

"ಅಲ್ಲ ಡಾಕ್ಟ್ರೇ," ಎಂದಳು ವರ್ನಾ, "ಇವು ನೀವು ಹಾಕಿದ ಅಂಕಗಳು, ಹತ್ತು ಸಲವೂ ನಾನು ಬರೆದ ಒಂದೇ ಉತ್ತರಾನ ಬಣ್ಣ, ಅಕ್ಷರ ಬದಲಾಯಿಸಿ ಎರಡು ಹಾಳೆ ಮಾಡಿ, ಒಂದರ ಮೇಲೆ ಬ್ರೆಟ್ ಹೆಸರು ಹಾಕಿದ್ವಿ, ಇನ್ನೊಂದರ ಮೇಲೆ ನನ್ನದು."