ಎರಡು ಸಲ ಬರುವ ಮೂರು ಗಂಟೆ

ಬಡಾವಣೆಯ ಹಗಲಿನ ಗಂಟೆಗಳನ್ನು ನಡೆಸುವ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಸಂಬಳವಿಲ್ಲದ ಸ್ವಯಂಸೇವಕರು ಸೇರಿ ನೋಡಿಕೊಳ್ಳುತ್ತಿದ್ದರು. ಅದರ ತಂತ್ರಾಂಶದಲ್ಲೊಂದು ದೋಷ, ಒಂದು ಬಗ್, ಉಳಿದುಹೋಗಿತ್ತು: ಕುಮುದಿನಿಯ ಮನೆಯೊಳಗೆ ಮಾತ್ರ ಮೂರರಿಂದ ನಾಲ್ಕರ ತನಕದ ಗಂಟೆ ಎರಡು ಸಲ ನಡೆಯುತ್ತಿತ್ತು. ತೊಳೆದ ಪಾತ್ರೆ ಮತ್ತೆ ಮುಸುರೆಯಾಗುತ್ತಿತ್ತು. ಅವಳು ಹೊರಬೀಳುವಷ್ಟರಲ್ಲಿ ಊರಿನಲ್ಲಿ ಐದು ದಾಟಿ, ನಾಲ್ಕೂವರೆಗೆ ಶುರುವಾಗುವ ನಾಟಕದ ತಾಲೀಮು ಅರ್ಧ ಮುಗಿದಿರುತ್ತಿತ್ತು. ಇವತ್ತೂ ತಡವಾದರೆ ರಾಣಿಯ ಪಾತ್ರ ಬೇರೆಯವಳಿಗೆ ಎಂದು ನಿರ್ದೇಶಕರು ಹೇಳಿಬಿಟ್ಟಿದ್ದರು.

ಬಗ್ ಪರೀಕ್ಷಿಸಲು ದಿನವೂ ಬರುತ್ತಿದ್ದ ಸ್ವಯಂಸೇವಕ ವಾದಿರಾಜ, ಎರಡೂ ಸಲ ಮಿರ್ಚಿ ಭಜಿ ತಿಂದು, ಚಹಾ ಕುಡಿದು, "ಗಂಟೆ ಒಂದೇ ಸಲ ಬಂತ್ರಿ ಅಕ್ಕಾರ, ಎಲ್ಲಾ ಬರೊಬ್ಬರಿ ಅದ" ಎಂದು ದೂರನ್ನು ಮುಚ್ಚಿ ಹೋಗುತ್ತಿದ್ದ. ಅವನ ಹೊಟ್ಟೆ ಬೇರೆಯೇ ವರದಿ ಕೊಡುತ್ತಿದೆ ಎಂದು ಕುಮುದಿನಿಗೆ ಗುಮಾನಿ.

ಇವತ್ತು ಗಡಿಯಾರ ನಾಲ್ಕರಿಂದ ಮೂರಕ್ಕೆ ಹಿಂದೆ ಜಿಗಿದ ಮೇಲೆ ಅವಳು ಮತ್ತೆ ಭಜಿ ಕರಿದು, ಏನೂ ಅರಿಯದವಳಂತೆ ಅವನ ಮುಂದೆ ತಂದಿಟ್ಟಳು.

"ಈ ಸಲ ಚಹಾಕ್ಕ ಸಕ್ರಿ ಕಡಿಮಿ ಹಾಕ್ರಿ," ಎಂದ ವಾದಿರಾಜ.

"ಯಾವ ಸಲ?"

ಭಜಿ ಅವನ ಬಾಯಿಯ ಹತ್ತಿರವೇ ನಿಂತಿತು.

"ಒಂದೇ ಸಲ ಬಂತ್ರಿ ಅಕ್ಕಾರ!" ಎಂದು ಕುಮುದಿನಿ ಅವನದೇ ಮೂಗುದನಿಯಲ್ಲಿ ಅಣಕಿಸಿ ತಟ್ಟೆ ಎತ್ತಿಕೊಂಡಳು. "ಮೊದಲ ರಿಪೇರಿ, ಆಮ್ಯಾಲೆ ಭಜಿ."

ವಾದಿರಾಜ ಲ್ಯಾಪ್‌ಟಾಪ್ ತೆರೆದು ಒಂದು ಸಾಲು ಕೋಡ್ ಅಳಿಸಿದ. ಗೋಡೆ ಗಡಿಯಾರದ ಮುಳ್ಳು ಊರಿನ ನಾಲ್ಕೂಕಾಲಿಗೆ ಬಂದು ಕೂತಿತು. ತಾಲೀಮಿಗೆ ಇನ್ನೂ ಹೊತ್ತಿತ್ತು.

ಆದರೂ ಹೊರಡುವ ಮುಂಚೆ ಅವಳು ಅವನ ಚೀಲ ಬಿಚ್ಚಿಸಿ, ತಳದವರೆಗೂ ಕೈಯಾಡಿಸಿ ನೋಡಿದಳು, ತೆಗೆದ ಆ ಹೆಚ್ಚಿನ ಗಂಟೆಯನ್ನು ತನ್ನ ಮನೆಗೆ ಹೊತ್ತೊಯ್ಯುತ್ತಿದ್ದಾನೇನೋ ಎಂದು.